ಗ್ರೀಕ್ ವೀರನಿಗೆ ಕನ್ನಡದ ಪ್ರಾಣ

ಕೈಯಲ್ಲಿ ಬೆಂಕಿ ಹಿಡಿದು ಟ್ರೋಜನ್ನರು ನುಗ್ಗಿ ಬರುತ್ತಿದ್ದಾರೆ. ಹಡಗುಗಳು ಸುಟ್ಟುಹೋದರೆ ಗ್ರೀಕರಿಗೆ ಊರು ಸೇರುವ ದಾರಿಯೇ ಇಲ್ಲ. ಅವನ್ನು ಕಾಯಲು ನಿಂತವನು ಮಹಾಕಾಯದ ಏಜಾಕ್ಸ್. ಹೋಮರನ ‘ಇಲಿಯಡ್’ಗೆ ಇಂಗ್ಲೆಂಡಿನ ಶಿಲ್ಪಿ ಜಾನ್ ಫ್ಲ್ಯಾಕ್ಸ್‌ಮನ್ ಬರೆದ ಈ ಚಿತ್ರದಲ್ಲಿ ಬಣ್ಣವಿಲ್ಲ, ನೆರಳಿಲ್ಲ. ತೋಳು, ತೊಡೆ, ಗುರಾಣಿ ಎಲ್ಲಕ್ಕೂ ತೆಳುವಾದ ಹೊರಗೆರೆ ಮಾತ್ರ. ಗೆರೆಯ ಒಳಗಿರುವುದು ಬರೀ ಬಿಳಿ ಕಾಗದ. ಮೈಯ ಬಲವನ್ನೂ ಮನಸ್ಸಿನ ಕುದಿಯನ್ನೂ ನೋಡುವವರೇ ತುಂಬಿಕೊಳ್ಳಬೇಕು.

ಈ ಏಜಾಕ್ಸನ ಕಥೆಯನ್ನು ಕನ್ನಡದ್ದಾಗಿಸಿದವರು ನಮ್ಮ ತೆಂಗಿನ ಸೀಮೆಯಲ್ಲೇ ಹುಟ್ಟಿದವರು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರ ಜನವರಿ 3ರಂದು ಜನಿಸಿದ ಬಿ.ಎಂ. ಶ್ರೀಕಂಠಯ್ಯ, ನಮ್ಮೆಲ್ಲರ ಬಿಎಂಶ್ರೀ.

ಏಜಾಕ್ಸನ ಆ ಚಿತ್ರ ಬರೆದ ಫ್ಲ್ಯಾಕ್ಸ್‌ಮನ್ 1787ರಲ್ಲಿ ರೋಮಿಗೆ ಹೋಗಿ ಏಳು ವರ್ಷ ಅಲ್ಲೇ ನೆಲೆಸಿದ. ಅದಕ್ಕೂ ಮೊದಲು ವೆಜ್‌ವುಡ್ ಪಿಂಗಾಣಿ ಕಾರ್ಖಾನೆಗೆ ಮಾದರಿಗಳನ್ನು ಮಾಡಿಕೊಡುತ್ತಿದ್ದ. ಪುರಾತನ ಗ್ರೀಕರ ಮಣ್ಣಿನ ಪಾತ್ರೆಗಳ ಮೇಲಿನ ಚಿತ್ರಗಳು ಅವನ ಕಣ್ಣನ್ನು ತಿದ್ದಿದ್ದವು. ಅವನ ಹೋಮರ್ ಚಿತ್ರಗಳನ್ನು ಟೊಮಾಸೊ ಪಿರೋಲಿ ತಾಮ್ರದ ತಗಡಿನಲ್ಲಿ ಕೊರೆದು 1793ರಲ್ಲಿ ಅಚ್ಚುಹಾಕಿದ. ಯುರೋಪಿನ ನವಶಾಸ್ತ್ರೀಯ ಕಲೆಗೆ ಅವೇ ಮೇಲ್ಪಂಕ್ತಿಯಾದವು. ಇಂಥ ರೇಖೆ ಕಾವ್ಯಕ್ಕೆ ಹತ್ತಿರ, ಸೂಚನೆಯಷ್ಟೇ ಕೊಟ್ಟು ಉಳಿದದ್ದನ್ನು ಕಲ್ಪನೆಗೆ ಬಿಡುತ್ತದೆ ಎಂದು ಜರ್ಮನ್ ವಿಮರ್ಶಕ ಶ್ಲೇಗೆಲ್ 1799ರಲ್ಲೇ ಗುರುತಿಸಿದ.

ಬಿಎಂಶ್ರೀ ಮಾಡಿದ್ದು ಇಂಥ ಗೆರೆಯ ಒಳಗನ್ನು ತುಂಬುವ ಕೆಲಸ. ಗ್ರೀಕ್ ನಾಟಕಕಾರ ಸಾಫೊಕ್ಲಿಸನ ನಾಟಕದಲ್ಲಿ, ಸತ್ತ ವೀರ ಅಖಿಲೀಸನ ಆಯುಧಗಳು ತನಗೆ ಸಿಗಲಿಲ್ಲವೆಂದು ಏಜಾಕ್ಸ್ ಕೆರಳುತ್ತಾನೆ. ಅಥೀನಾ ದೇವಿ ಅವನಿಗೆ ಮರುಳು ಹಿಡಿಸುತ್ತಾಳೆ. ವೈರಿಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದುಹಾಕುತ್ತಾನೆ. ಮರುಳು ಇಳಿದಾಗ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆಯೇ ಬಿದ್ದು ಸಾಯುತ್ತಾನೆ. ಈ ಹೊರಗೆರೆಯೊಳಗೆ ಕುರುಕ್ಷೇತ್ರದ ಕಡೆಯ ಇರುಳನ್ನು ತುಂಬಿ ಬಿಎಂಶ್ರೀ 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಮಲಗಿದ್ದವರನ್ನು ಕೊಂದ ದ್ರೋಣಪುತ್ರನೇ ಅವರ ಏಜಾಕ್ಸ್. ನಮ್ಮ ಪರಂಪರೆ ಚಿರಂಜೀವಿ ಎಂದು ನಂಬಿದವನು ಇಲ್ಲಿ ಸಾಯುತ್ತಾನೆ. ದುರಂತ ನಾಟಕ ಕನ್ನಡಕ್ಕೆ ಬರಬೇಕಾದರೆ ಅಷ್ಟು ಧೈರ್ಯ ಬೇಕಿತ್ತು. 1935ರಲ್ಲಿ ಮತ್ತೊಬ್ಬ ಗ್ರೀಕ್ ನಾಟಕಕಾರ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಕನ್ನಡಿಸಿದರು. ಸೋತ ಶತ್ರುವಿನ ಅಳಲನ್ನು ಗೌರವದಿಂದ ಕೇಳಿಸುವ ಕೃತಿ ಅದು. ಅದರ ರಾಣಿ ಅತೋಸ್ಸಾಳನ್ನೂ ಫ್ಲ್ಯಾಕ್ಸ್‌ಮನ್ 1795ರ ಈಸ್ಕಿಲಸ್ ಚಿತ್ರಮಾಲೆಯಲ್ಲಿ ಗೆರೆಗಿಳಿಸಿದ್ದಾನೆ.

ಹೊರಗಿನಿಂದ ರೂಪವನ್ನು ತರುವುದು ತಪ್ಪಲ್ಲ, ಅದಕ್ಕೆ ಪ್ರಾಣ ನಮ್ಮದಿರಬೇಕು ಎಂಬುದನ್ನು ಬಿಎಂಶ್ರೀ ಮಾಡಿ ತೋರಿಸಿದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಾಲೇಜುಗಳಲ್ಲಿ ‘ಅಶ್ವತ್ಥಾಮನ್’ ಓದಿಸುವವರು ಒಮ್ಮೆ ಫ್ಲ್ಯಾಕ್ಸ್‌ಮನ್‌ನ ಏಜಾಕ್ಸನನ್ನೂ ಮಕ್ಕಳ ಮುಂದಿಡಲಿ. ಆಮೇಲೆ ಅವರ ಕೈಗೆ ಪೆನ್ಸಿಲ್ ಕೊಟ್ಟು, ಬಣ್ಣ, ನೆರಳು ಯಾವುದೂ ಇಲ್ಲದೆ ಅಶ್ವತ್ಥಾಮನನ್ನು ಬರೆಯಲು ಹೇಳಲಿ. ಎಲ್ಲಿ ಗೆರೆ ಎಳೆಯಬೇಕು, ಎಲ್ಲಿ ಕೈ ತಡೆಯಬೇಕು ಎಂದು ಯೋಚಿಸುವ ಹೊತ್ತಿಗೆ ನಾಟಕ ಅವರಿಗೆ ತಾನಾಗಿ ಅರ್ಥವಾಗುತ್ತದೆ.