ಚಿಗರಿಗೆ ಒಪ್ಪಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಂಥ ಯೋಜನೆಗೆ ಸರ್ಕಾರದ ಒಪ್ಪಿಗೆ ಹೇಗೆ ಸಿಗುತ್ತದೆ? ಅಷ್ಟು ವರ್ಷ ಯಾಕೆ ಹಿಡಿಯುತ್ತದೆ?
– ಓದುಗರೊಬ್ಬರು, ಅಳ್ನಾವರ

ಸಾಲ ಮಾಡಿ ಮನೆ ಕಟ್ಟಿಸಿದವರಿಗೆ ಇದು ಬೇಗ ತಿಳಿಯುತ್ತದೆ. ಮೊದಲು ನಕ್ಷೆ, ಅಂದಾಜು ಖರ್ಚು, ಆಮೇಲೆ ಪರವಾನಗಿ, ನಂತರ ಸಾಲ. ಅದೂ ಒಮ್ಮೆಗೇ ಕೈಗೆ ಬಾರದು, ಗೋಡೆ ಎದ್ದಂತೆ ಕಂತು.

ಚಿಗರಿಯಂಥ ತ್ವರಿತ ಬಸ್ ಸಾರಿಗೆ ವ್ಯವಸ್ಥೆಗೆ (ಬಿಆರ್‌ಟಿಎಸ್) ನಕ್ಷೆಯೆಂದರೆ ವಿಸ್ತೃತ ಯೋಜನಾ ವರದಿ. ರಸ್ತೆಯಲ್ಲಿ ಎಷ್ಟು ಜನ ಓಡಾಡುತ್ತಾರೆ, ಎಲ್ಲೆಲ್ಲಿ ಜಾಗ ಬೇಕು, ಹಣವೆಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ರಾಜ್ಯ ಸರ್ಕಾರ ಒಪ್ಪಿದ ಮೇಲೆ ಕಡತ ದೆಹಲಿಗೆ ಹೋಗುತ್ತದೆ. ಏಕೆಂದರೆ ಇಂಥ ಯೋಜನೆಗೆ ಪಡೆಯುವ ವಿಶ್ವಬ್ಯಾಂಕಿನ ಸಾಲಕ್ಕೆ ಕೇಂದ್ರದ ಸಹಿಯೇ ಬೇಕು. ಚಿಗರಿಗೆ ಆ ನೆರವು ಬಂದದ್ದು ಕೇಂದ್ರದ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ. ಉಸ್ತುವಾರಿಗೆ 2012ರಲ್ಲಿ ಪ್ರತ್ಯೇಕ ಕಂಪನಿಯೂ ಹುಟ್ಟಿತು.

ಕಾಗದ ಮುಗಿದರೂ ಬಸ್ ಓಡದು.

ಸುಮಾರು 22 ಕಿ.ಮೀ. ಉದ್ದಕ್ಕೂ ರಸ್ತೆ ಅಗಲವಾಗಬೇಕು, ಅಂಚಿನ ಜಾಗಕ್ಕೆ ಪರಿಹಾರ ಕೊಡಬೇಕು, ವಿದ್ಯುತ್ ಕಂಬ, ನೀರಿನ ಪೈಪು ಸರಿಯಬೇಕು. ವರ್ಷಗಳನ್ನು ನುಂಗುವುದು ಈ ಹಂತವೇ. ಪ್ರಾಯೋಗಿಕ ಓಡಾಟ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ, ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. ಈಗ ರಸ್ತೆ ನಡುವಿನ ನಿಲ್ದಾಣದಲ್ಲಿ ಕಟ್ಟೆ, ಬಸ್ಸಿನ ನೆಲ ಎರಡೂ ಒಂದೇ ಮಟ್ಟ; ಬಲಗಡೆಯ ಬಾಗಿಲು ತೆರೆದರೆ ಮೆಟ್ಟಿಲು ಹತ್ತದೆ ಒಳಗೆ ಕಾಲಿಡಬಹುದು.