ಕೊಳವೆಯೊಳಗೆ ಓಡುವ ಅಲೆ

1960ರ ಕ್ರೈಸ್ಲರ್ 300ಎಫ್ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಕೊಳವೆಗಳ ಕಾಡು! ಎಡಗಡೆಯ ಕಾರ್ಬುರೇಟರ್ ಬಲಗಡೆಯ ನಾಲ್ಕು ಸಿಲಿಂಡರುಗಳಿಗೆ ಉಸಿರೂಡುತ್ತದೆ, ಬಲಗಡೆಯದು ಎಡಗಡೆಗೆ. ಪಕ್ಕದಲ್ಲೇ ಸಿಲಿಂಡರ್ ಇರುವಾಗ ಗಾಳಿಗೆ ಇಷ್ಟು ದೂರದ ಪಯಣ ಯಾಕೆ?

ಕಾರಣ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಿಸ್ಟನ್ ಕೆಳಗಿಳಿದು ಗಾಳಿ ಎಳೆದಾಗ ಕೊಳವೆಯಲ್ಲಿ ಒತ್ತಡ ಕುಸಿಯುತ್ತದೆ. ಆ ಕುಸಿತವೇ ಅಲೆಯಾಗಿ ಶಬ್ದದ ವೇಗದಲ್ಲಿ ಹೊರಗೋಡುತ್ತದೆ. ಕೊಳವೆಯ ತೆರೆದ ಬಾಯಿ ಮುಟ್ಟಿದ್ದೇ ತಡ, ತಲೆಕೆಳಗಾಗಿ, ಹೆಚ್ಚಿನ ಒತ್ತಡದ ಅಲೆಯಾಗಿ ವಾಪಸು ಬರುತ್ತದೆ! ಜೋಕಾಲಿಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದ ಹಾಗೆ, ವಾಲ್ವ್ ಮುಚ್ಚುವ ಮುನ್ನ ಬಂದು ತಲುಪಿದರೆ ಇನ್ನಷ್ಟು ಗಾಳಿಯನ್ನು ಸಿಲಿಂಡರಿಗೆ ದಬ್ಬುತ್ತದೆ. ಟರ್ಬೊ ಇಲ್ಲ, ಫ್ಯಾನ್ ಇಲ್ಲ, ಬರೀ ಕೊಳವೆಯ ಉದ್ದ!

ಲೆಕ್ಕ ಹಾಕಿ ನೋಡಿ. ಕೊಳವೆ 30 ಇಂಚು, ಸುಮಾರು 76 ಸೆಂಟಿಮೀಟರ್. ಹೋಗಿಬರಲು ಅಲೆಗೆ ಬೇಕಾದದ್ದು ಸುಮಾರು ನಾಲ್ಕೂವರೆ ಮಿಲಿಸೆಕೆಂಡ್. ನಿಮಿಷಕ್ಕೆ 2,800 ಸುತ್ತಿನಲ್ಲಿ ಪಿಸ್ಟನ್ ಕೆಳಗಿಳಿಯಲು ಹತ್ತು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಅದು ಅತಿ ಜೋರಾಗಿ ಎಳೆಯುವುದು ಅರ್ಧ ದಾರಿಯಲ್ಲಿ. ಆಗ ಹೊರಟ ಅಲೆ ಪಿಸ್ಟನ್ ತಳ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಹಾಜರ್! ಈ ಇಂಜಿನ್ನಿನ ಟಾರ್ಕ್ ಶಿಖರಕ್ಕೇರುತ್ತಿದ್ದದ್ದೂ ಸರಿಯಾಗಿ 2,800ರಲ್ಲೇ.

ಇಂಜಿನ್ನಿನ ವೇಗ ಏರಿದರೆ ಅಲೆ ತಡವಾಗುತ್ತದೆ. ಹಾಗಾಗಿ ರೇಸಿನ ಕೆಲವೇ ಕಾರುಗಳಿಗೆ ಕೊಳವೆಗಳ ಒಳಗೋಡೆಯನ್ನು ಅರ್ಧಕ್ಕೆ ಕಡಿದರು. ಹೊರಗಿನ ರೂಪ ಹಾಗೇ ಉಳಿಯಿತು, ಒಳಗಿನ ಉದ್ದ 15 ಇಂಚಾಯಿತು! ಬೇರೆ ಮಾರ್ಪಾಡುಗಳೂ ಸೇರಿ ಶಕ್ತಿ 375ರಿಂದ 400 ಅಶ್ವಶಕ್ತಿಗೆ ಏರಿತು. ಕೆಳವೇಗದ ಎಳೆತ ಮಾತ್ರ ತಗ್ಗಿತು. ಎರಡೂ ಬೇಕೆಂದರೆ? ಓಡುವಾಗಲೇ ಕೊಳವೆ ಉದ್ದವಾಗಬೇಕು, ಗಿಡ್ಡವಾಗಬೇಕು. ಮಾಜ್ದಾ 787ಬಿ ರೇಸ್ ಕಾರು ಅದನ್ನೇ ಮಾಡಿತು, 1991ರಲ್ಲಿ ಲ ಮಾನ್ಸ್‌ನ 24 ಗಂಟೆಗಳ ರೇಸನ್ನೂ ಗೆದ್ದಿತು.

ನಮ್ಮ ಬೈಕುಗಳ ಏರ್ ಫಿಲ್ಟರ್ ಡಬ್ಬಿಯೂ ಇದೇ ಕುಟುಂಬದ್ದು. ಅದರ ಗಾತ್ರ, ಮೂತಿಯ ಉದ್ದ ಎರಡೂ ಅಳೆದು ಮಾಡಿದವು. ಪಿಕಪ್ ಹೆಚ್ಚುತ್ತದೆಂದು ಅದನ್ನು ಕಿತ್ತರೆ ಗದ್ದಲವೇನೋ ಜೋರಾಗುತ್ತದೆ, ಆದರೆ ಆ ಅಳತೆ ಕೆಡುತ್ತದೆ, ಧೂಳು ನೇರ ಸಿಲಿಂಡರಿಗಿಳಿದು ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ದಯವಿಟ್ಟು ಡಬ್ಬಿ ಕೀಳಿಸಬೇಡಿ. ಫಿಲ್ಟರ್ ಕೊಳೆಯಾಗಿದ್ದರೆ ಹೊಸದು ಹಾಕಿಸಿ.