ಪಿತ್ತನಾಳದ ದರ್ಶಕ ಮೂಗಿಗೆ ಬಂದ ಕಥೆ

ಕತ್ತಿನ ಮೂಳೆ ಜಾರಿ ಬೆನ್ನುಹುರಿಯನ್ನು ಒತ್ತುತ್ತಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಉಸಿರುನಾಳಕ್ಕೆ ಟ್ಯೂಬ್ ಇಳಿಸಬೇಕು. ಮಾಮೂಲಿ ರೋಗಿಯಾದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಲ್ಯಾರಿಂಗೋಸ್ಕೋಪಿನಿಂದ ನಾಲಗೆ ಎತ್ತಿ, ಧ್ವನಿತಂತುಗಳ ನಡುವೆ ತೂರಿಸುತ್ತಾರೆ. ಈ ಕತ್ತನ್ನು ಬಾಗಿಸಿದರೆ ಕೈಕಾಲಿನ ಶಕ್ತಿಯೇ ಹೋದೀತು.

ಮೊದಲನೇ ಮಹಾಯುದ್ಧದ ನಂತರ ಇಂಗ್ಲೆಂಡಿನಲ್ಲಿ ಅರಿವಳಿಕೆ ವೈದ್ಯರಾದ ಮ್ಯಾಗಿಲ್ ಮತ್ತು ರೋಬಾತಮ್ ಬಾಯಿಯ ಬದಲು ಮೂಗಿನಿಂದ ಟ್ಯೂಬ್ ಇಳಿಸುವುದನ್ನು ರೂಢಿಗೆ ತಂದಿದ್ದರು. ಕಣ್ಣಿಗೆ ಏನೂ ಕಾಣದು. ಉಸಿರಿನ ಸದ್ದೇ ದಾರಿ.

1967ರಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನರರೋಗ ಆಸ್ಪತ್ರೆಯಲ್ಲಿದ್ದ ಅರಿವಳಿಕೆ ವೈದ್ಯ ಪೀಟರ್ ಮರ್ಫಿ ಆ ಕುರುಡುದಾರಿಗೆ ಕಣ್ಣು ಕೊಟ್ಟರು. ರೋಗಿಗೆ ಸ್ಟಿಲ್ ಕಾಯಿಲೆ. ಎಳವೆಯಲ್ಲೇ ಹತ್ತುವ, ದವಡೆ ಕತ್ತುಗಳನ್ನು ಬಿಗಿದುಬಿಡಬಲ್ಲ ಕೀಲುವಾತ. ಮರ್ಫಿ ಕೈಗೆತ್ತಿಕೊಂಡದ್ದು ಪಿತ್ತನಾಳದೊಳಗೆ ಇಣುಕಲೆಂದು ತಯಾರಾಗಿದ್ದ, ಬಳುಕುವ ಗಾಜಿನೆಳೆಗಳ ದರ್ಶಕವನ್ನು. ಮೂಗಿನಿಂದ ಒಳಹೊಕ್ಕು ಧ್ವನಿತಂತು ದಾಟಿದ ಮೇಲೆ, ಅದರ ಮೇಲಿಂದಲೇ ಟ್ಯೂಬ್ ಜಾರಿತು.

ಆ ಎಳೆಗಳ ಹಿಂದೆ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಇದ್ದಾರೆಂಬುದು ನನಗೆ ಹೆಮ್ಮೆ. ಇಂಪೀರಿಯಲ್ ಕಾಲೇಜಿನಲ್ಲಿ ಗುರು ಹೆರಾಲ್ಡ್ ಹಾಪ್ಕಿನ್ಸ್ ಜತೆ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿ, 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆಮೇಲೆ ಗುರುಶಿಷ್ಯರು ಶ್ರೇಯಸ್ಸಿಗಾಗಿ ಮುನಿಸಿಕೊಂಡರು. ಒಬ್ಬರಿಗೆ ಪರಿಕಲ್ಪನೆ, ಇನ್ನೊಬ್ಬರಿಗೆ ಕೈಚಳಕ ಎಂದು ಹಂಚುವವರಿದ್ದಾರೆ. ಎಳೆಯೊಂದೊಂದನ್ನೂ ಜೋಡಿಸಿ ಕೂತವನ ಪಾಲು ಕಿರಿದೆಂದು ನಾನು ಒಪ್ಪಲಾರೆ. 1957ರಲ್ಲಿ ಮಿಷಿಗನ್‌ನ ವೈದ್ಯ ಬೇಸಿಲ್ ಹಿರ್ಷೊವಿಟ್ಸ್ ಇಂಥ ಎಳೆಗಳ ಜಠರದರ್ಶಕವನ್ನು ಮೊದಲು ತಾವೇ ನುಂಗಿದರು. ಅದರಿಂದ ಮರ್ಫಿಯವರೆಗೆ ಬರೀ ಹತ್ತು ವರ್ಷ.

ಈಗ ವಿಡಿಯೊ ಲ್ಯಾರಿಂಗೋಸ್ಕೋಪ್ ಬಂದಿದೆ. ಸಹಾಯಕರು ತಲೆ ಅಲುಗದಂತೆ ಹಿಡಿದರೆ ಹಲವರಿಗೆ ಅದೇ ಸಾಕು, ನಿಜ. ಆದರೆ ರೋಗಿ ಎಚ್ಚರವಿರುವಾಗಲೇ ಬಳುಕುವ ದರ್ಶಕ ಇಳಿಸುವ ವಿದ್ಯೆ ಕೈಗೆ ಹತ್ತುವುದು ಮಾಡಿ ಮಾಡಿಯೇ. ಕಿರಿಯರಿಗೆ ಆ ಅವಕಾಶ ತಪ್ಪಿದರೆ ನನಗೆ ಸಂಕಟ. ಮೂಗು ಗಂಟಲಿಗೆ ಲಿಗ್ನೋಕೇನ್ ಸಿಂಪಡಿಸಿ ಮರಗಟ್ಟಿಸುತ್ತಾರೆ. ರೋಗಿ ತಾನೇ ಉಸಿರಾಡುತ್ತಿರುತ್ತಾನೆ, ಕತ್ತನ್ನು ತನ್ನ ಸ್ನಾಯುಗಳಿಂದಲೇ ಕಾಯುತ್ತಿರುತ್ತಾನೆ. ಟ್ಯೂಬ್ ಕೂತ ಮೇಲೆ ಮಾತು ಹೊರಡದು. ಆಗ ವೈದ್ಯರು ಕಿವಿಯ ಬಳಿ ಬಾಗಿ, ‘ಕೈ ಮುಷ್ಟಿ ಮಾಡಿ, ಕಾಲ್ಬೆರಳು ಆಡಿಸಿ’ ಎನ್ನುತ್ತಾರೆ. ಬೆರಳು ಆಡಿದ್ದನ್ನು ಕಂಡ ಮೇಲೆಯೇ ನಿದ್ದೆಯ ಮದ್ದು.